ಅಂದಾಜಿನ ಅಂಕಿ
ಬದಿಯಡ್ಕದ ಆಚೆಗಿನ ಹಳ್ಳಿಯೊಂದರಲ್ಲಿ ನೆಲೆಸಿರುವ ನಿವೃತ್ತ ಕನ್ನಡ ಮಾಸ್ತರರು ಆ ಮಳೆಗಾಲದ ರಾತ್ರಿ ಮನವಿಯೊಂದನ್ನು ಸಿದ್ಧಪಡಿಸುತ್ತಿದ್ದರು. ಊರ ಶಾಲೆಯ ಕನ್ನಡ ವಿಭಾಗಕ್ಕೆ ಅಧ್ಯಾಪಕರನ್ನು ನೇಮಿಸಬೇಕೆಂಬ ಆ ಮನವಿ ಮರುದಿನ ಬೆಳಗ್ಗೆ ರಕ್ಷಕ-ಶಿಕ್ಷಕ ಸಂಘದವರ ಕೈಸೇರಬೇಕಿತ್ತು. ಗಾಳಿಮಳೆಗೆ ವಿದ್ಯುತ್ ಹೋಯಿತು. ಲ್ಯಾಪ್‌ಟಾಪಿಗೆ ಹದಿನೈದು ದಿನಗಳ ಹಿಂದಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದರು. ಪರದೆಯ ಮೂಲೆಯಲ್ಲಿ ಶೇಕಡಾ 38 ಎಂದಿತ್ತು. ಆ ಧೈರ್ಯದಿಂದ ಬರೆಯುತ್ತ ಹೋದರು. ಮುನ್ಸೂಚನೆಯೇ ಇಲ್ಲದೆ ಯಂತ್ರ ಆರಿತು. ಉಳಿಸಿಡದಿದ್ದ ಎರಡು ಪುಟಗಳೂ ಹೋದವು. ಮೇಣದಬತ್ತಿಯ ಬೆಳಕಿನಲ್ಲಿ ಮನವಿಯನ್ನು ಕೈಯಲ್ಲೇ ಬರೆದು ಮುಗಿಸುವಾಗ ನಡುರಾತ್ರಿ ಕಳೆದಿತ್ತು.

“ಮೀಟರು ಸ್ವಲ್ಪ ತಪ್ಪು ತೋರಿಸುತ್ತದೆ, ಬ್ಯಾಟರಿಗೇನೂ ದೋಷವಿಲ್ಲ” ಎಂದು ಅಂಗಡಿಯವರು ಸಾಗಹಾಕಿದರು. ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು ಪರೀಕ್ಷಿಸಿದ.

“ಮಾಸ್ಟ್ರೇ, ಈ ಶೇಕಡಾ ಎನ್ನುವುದು ಬರಿಯ ಅಂದಾಜು” ಎಂದು ಅವನು ವಿವರಿಸಿದ. ಬ್ಯಾಟರಿಯೊಳಗಿನ ಚಿಪ್ ಒಳಬಂದ ಮತ್ತು ಹೊರಹೋದ ವಿದ್ಯುತ್ತಿನ ಲೆಕ್ಕವಿಡುತ್ತದೆ. ಒಟ್ಟು ಎಷ್ಟು ಹಿಡಿಯುತ್ತದೆಂಬ ಅದರ ಗ್ರಹಿಕೆಯೇ ತಪ್ಪಿದ್ದರೆ ಶೇಕಡಾವಾರು ಲೆಕ್ಕವೂ ತಪ್ಪುತ್ತದೆ. ವಿಂಡೋಸ್ ನೀಡುವ ಬ್ಯಾಟರಿ ವರದಿಯಲ್ಲಿ ವಿನ್ಯಾಸದ ಸಾಮರ್ಥ್ಯವೂ ಪೂರ್ಣ ಚಾರ್ಜಿನ ಸಾಮರ್ಥ್ಯವೂ 41,440 ಮಿಲಿವ್ಯಾಟ್-ಗಂಟೆ ಎಂದೇ ಇತ್ತು. ಹದಿನೈದು ದಿನ ಬಳಸಿದರೂ ಒಂದಂಕಿಯೂ ಕದಲದಿದ್ದುದು ಅವನಿಗೆ ಸಂಶಯ ತಂದಿತು. ಚಿಪ್ ತನ್ನೊಳಗೆ ಮೊದಲೇ ಬರೆದಿಟ್ಟಿದ್ದನ್ನು ಒಪ್ಪಿಸುತ್ತಿತ್ತೇ ಹೊರತು ಅಳೆದಿರಲಿಲ್ಲ.

ಅವನು ಹೇಳಿದಂತೆ ಮಾಸ್ತರರು ಬ್ಯಾಟರಿಯನ್ನು ನೂರಕ್ಕೇರಿಸಿ, ಎರಡು ಗಂಟೆ ತಣಿಯಲು ಬಿಟ್ಟರು. ಲ್ಯಾಪ್‌ಟಾಪ್ ನಿದ್ರಾಸ್ಥಿತಿಗೆ ಜಾರದಂತೆ ಹೊಂದಿಸಿ, ತಾನಾಗಿ ಆರುವ ತನಕ ಬಳಸಿದರು. ಕೆಲವು ಗಂಟೆಗಳ ಬಳಿಕ ಮತ್ತೆ ನಡುವೆ ತಡೆಯಿಲ್ಲದೆ ನೂರಕ್ಕೇರಿಸಿದರು. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಪದೇ ಪದೇ ಪೂರ್ಣ ಬರಿದು ಮಾಡುವುದು ಅದರ ಆಯುಸ್ಸಿಗೆ ಒಳ್ಳೆಯದಲ್ಲ. ಲೆಕ್ಕ ಸರಿಪಡಿಸಲು ಮಾತ್ರ ಈ ಕ್ರಮ.

ಎರಡು ಬಾರಿ ಹೀಗೆ ಮಾಡಿದ ಮೇಲೆ ಪೂರ್ಣ ಚಾರ್ಜಿನ ಸಾಮರ್ಥ್ಯ 25,870ಕ್ಕೆ ಇಳಿದಿತ್ತು. ಈಗ ಮೀಟರು ನಿಜ ಹೇಳುತ್ತಿತ್ತು. ಚಾರ್ಜ್ ಮುಗಿಯುವ ಮುನ್ನ ಎಚ್ಚರಿಕೆಯೂ ಬರುತ್ತಿತ್ತು. ಆದರೆ ಹಣ ಕೊಟ್ಟದ್ದು 41,440ಕ್ಕೆ. ದೋಷ ಮೀಟರಿನಲ್ಲಷ್ಟೇ ಅಲ್ಲ, ಬ್ಯಾಟರಿಯಲ್ಲೂ ಇತ್ತು.

ಮಾಸ್ತರರು ದಿನಾಂಕವಿದ್ದ ಎರಡೂ ವರದಿಗಳನ್ನು ಮುದ್ರಿಸಿ, ರಶೀದಿಯೊಂದಿಗೆ ಅಂಗಡಿಯ ಮೇಜಿನ ಮೇಲಿಟ್ಟರು. ಹಿಂದಿನ ಸಲ ಬಾಯಿಮಾತಿನ ದೂರನ್ನು ತಳ್ಳಿಹಾಕಿದ್ದವರು ಕಾಗದಗಳನ್ನು ಓದಿ, ವಾದಿಸದೆ ಬೇರೆ ಬ್ಯಾಟರಿ ಕೊಟ್ಟರು.

ಈಗ ಮಾಸ್ತರರು ಪ್ರತಿ ಪರಿಚ್ಛೇದ ಮುಗಿದೊಡನೆ ಬರೆದುದನ್ನು ಉಳಿಸಿಡುತ್ತಾರೆ. ಕೈಬರಹದ ಆ ಮನವಿ ಮರುದಿನವೇ ಕಚೇರಿ ತಲುಪಿತ್ತು. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ. ಸ್ವೀಕೃತಿಯ ಮುದ್ರೆಯಿರುವ ಪ್ರತಿಯನ್ನು ಅವರು ಜೋಪಾನವಾಗಿ ತೆಗೆದಿರಿಸಿದ್ದಾರೆ.