ಸಾಸಿವೆಯ ಕಥೆಯನ್ನರಸಿ ಒಡೆಯರಪಾಳ್ಯಕ್ಕೆ

ನಮ್ಮ ತಾಳವಾಡಿ ಸೀಮೆಗೆ ಸತ್ಯಮಂಗಲದ ಕಡೆಯಿಂದ ಬರುವವರು ದಿಂಬಂ ಘಟ್ಟದ 27 ತಿರುವುಗಳನ್ನು ಏರಿ ಬರಬೇಕು. ಚಾಮರಾಜನಗರದ ಕಡೆಯಿಂದ ಬರುವವರಿಗೆ ಘಟ್ಟವಿಲ್ಲ. ಗಡಿಯೊಂದು ಮಾತ್ರ ಉಂಟು. 1956ರಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅಂದು ಕೊಯಮತ್ತೂರು ಜಿಲ್ಲೆಯವರಾಗಿದ್ದ ನಾವು 1979ರ ನಂತರ ಈರೋಡಿನವರಾದೆವು. ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು, ಮಕ್ಕಳ ಮುಂದಿನ ಓದಿನ ಮಾತು ಇಂಗ್ಲಿಷು. ಹೀಗೆ ಮೂರು ಮಾತುಗಳ ನಡುವೆ ಬದುಕುವವರಿಗೆ ಅನುವಾದವೆಂಬುದು ಪಂಡಿತರ ವಿಷಯವಲ್ಲ, ದಿನದಿನದ ಕೆಲಸ. ಆದರೂ ಒಂದು ಒಳ್ಳೆಯ ಅನುವಾದವನ್ನು ಆರಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದು ನನಗೆ ತಿಳಿದದ್ದು ಹೋದ ವರ್ಷ, ನನ್ನ ತಂಗಿಯಿಂದ.

ತಂಗಿಯ ಒಬ್ಬನೇ ಮಗ ಜ್ವರದಲ್ಲಿ ತೀರಿಕೊಂಡು ಆಗ ವರ್ಷವೊಂದು ಕಳೆದಿತ್ತು. ಅವನ ಪುಣ್ಯತಿಥಿಯ ಕಾರ್ಡಿನಲ್ಲಿ ಹಾಕಿಸಲೆಂದು ನಾನೇ ಒಂದು ವಾಕ್ಯವನ್ನು ಆರಿಸಿಕೊಟ್ಟಿದ್ದೆ. ಇಂಗ್ಲಿಷ್ ಕ್ಯಾಲೆಂಡರೊಂದರಲ್ಲಿ ಬುದ್ಧನ ಚಿತ್ರದ ಕೆಳಗಿದ್ದ ವಾಕ್ಯವದು. ಸಾವನ್ನು ಕುರಿತು ಬಹಳ ನಯವಾದ ಮಾತು. ಅದನ್ನು ಕನ್ನಡಿಸಿ, ಕೆಳಗೆ ‘ಭಗವಾನ್ ಬುದ್ಧ’ ಎಂದು ಹಾಕಿಸಿದ್ದೆ. ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ಅದು ಯಾವ ಗ್ರಂಥದ ಮಾತು ಎಂದು ಕೇಳಿಕೊಳ್ಳಬೇಕೆಂದು ನನಗೆ ತೋರಲಿಲ್ಲ. ಕೆಲವು ದಿನಗಳ ಮೇಲೆ ತಂಗಿಯೇ ಕೇಳಿದಳು: “ಅಣ್ಣಾ, ಈ ಮಾತು ಯಾವ ಪುಸ್ತಕದಲ್ಲಿದೆ? ನಾನು ಮುಂದಕ್ಕೆ ಓದಬೇಕು.”

ಹುಡುಕಿದೆ. ಎಲ್ಲಿಯೂ ಸಿಕ್ಕಲಿಲ್ಲ. ಅದು ಬುದ್ಧವಚನವೇ ಅಲ್ಲವೆಂದು ಕೊನೆಗೆ ಒಪ್ಪಿಕೊಳ್ಳಬೇಕಾಯಿತು. ಅವಳು ಕೋಪಿಸಿಕೊಳ್ಳಲಿಲ್ಲ. “ಹಾಗಾದರೆ ಆ ಸಾಸಿವೆಯ ಕಥೆಯಾದರೂ ನಿಜವಾಗಿ ಉಂಟೇ? ಆ ತಾಯಿ ಮುಂದೇನಾದಳು? ಕಥೆ ಹೇಳುವವರೆಲ್ಲ ಬುದ್ಧ ಏನೆಂದನೆಂಬುದನ್ನು ಹೇಳಿ ಮುಗಿಸುತ್ತಾರೆ. ಅವಳು ಏನೆಂದಳು?” ಎಂದಳು.

ಕಿಸಾಗೋತಮಿಯ ಆ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸತ್ತ ಮಗುವನ್ನೆತ್ತಿಕೊಂಡು ಬಂದ ತಾಯಿಗೆ, ಸಾವು ಕಾಣದ ಮನೆಯಿಂದ ಸಾಸಿವೆ ತರಲು ಬುದ್ಧನು ಹೇಳಿದ ಕಥೆ. ಶಾಲೆಯಲ್ಲಿ ನಾನು ಎಷ್ಟೋ ಸಲ ಹೇಳಿದ್ದೇನೆ. ತಂಗಿಯ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಬೌದ್ಧ ಗ್ರಂಥವೆಂದರೆ ನಮಗೆ ಮೊದಲು ನೆನಪಾದದ್ದು ಒಡೆಯರಪಾಳ್ಯದ ಟಿಬೆಟನ್ನರು. ಒಂದು ಬೆಳಿಗ್ಗೆ ಬಾಡಿಗೆ ಜೀಪಿನಲ್ಲಿ ಅಣ್ಣತಂಗಿಯರಿಬ್ಬರೂ ಹೊರಟೆವು. ಹೆದ್ದಾರಿ ಸೇರಿ ಹಾಸನೂರಿಗೆ ಬಂದು, ಅಲ್ಲಿಂದ ಗೇರ್‌ಮಾಳಂ ಕಡೆಯ ಕಾಡುದಾರಿ ಹಿಡಿದೆವು. 2013ರಲ್ಲಿ ಹುಲಿ ರಕ್ಷಿತಾರಣ್ಯವೆಂದು ಘೋಷಿತವಾದ ಸತ್ಯಮಂಗಲದ ಕಾಡು ಇದು. ಬಿದಿರು, ಒಣಹುಲ್ಲು, ನಡುನಡುವೆ ಆನೆ ದಾಟಿದ ಗುರುತು. ಎಲ್ಲಿ ತಮಿಳುನಾಡು ಮುಗಿಯಿತು, ಎಲ್ಲಿ ಕರ್ನಾಟಕ ಮೊದಲಾಯಿತೆಂಬುದನ್ನು ಮರಗಳನ್ನು ನೋಡಿ ಹೇಳಲಾಗುವುದಿಲ್ಲ. ಕಾಡು ಸರಿದು ಮುಸುಕಿನ ಜೋಳದ ಹೊಲಗಳೂ, ಗಾಳಿಗೆ ಪಟಪಟಿಸುವ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳೂ ಕಾಣಿಸಿಕೊಂಡಾಗ ಒಡೆಯರಪಾಳ್ಯ ಬಂತೆಂದು ತಿಳಿಯಿತು.

1970ರ ದಶಕದ ಮೊದಲ ಭಾಗದಲ್ಲಿ ಇಲ್ಲಿ ನೆಲೆಗೊಂಡ ಟಿಬೆಟನ್ನರ ಈ ವಸತಿಗೆ ಧೊಂಡೆನ್‌ಲಿಂಗ್ ಎಂದು ಹೆಸರು. 1992ರಲ್ಲಿ ದಲೈ ಲಾಮಾ ಅವರಿಂದ ಉದ್ಘಾಟನೆಗೊಂಡ ಝೋಗ್‌ಚೆನ್ ಮಠ ಇಲ್ಲಿದೆ. ನಾವು ನೋಡಿದ ಮಂದಿರದಲ್ಲಿ ಗೋಡೆಗೆ ಹೊಂದಿಕೊಂಡ ಗೂಡುಗಳೊಳಗೆ ಬಟ್ಟೆಯಲ್ಲಿ ಸುತ್ತಿದ ನೀಳವಾದ ಕಟ್ಟುಗಳು ಸಾಲಾಗಿ ಇದ್ದವು. ನಮ್ಮ ಹಿರಿಯರು ಓಲೆಗರಿಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದುದು ನೆನಪಾಯಿತು.

ಅಲ್ಲಿದ್ದ ಒಬ್ಬ ತರುಣ ಭಿಕ್ಷು ನಮ್ಮೊಡನೆ ಕನ್ನಡದಲ್ಲಿಯೇ ಮಾತನಾಡಿದರು. ಅವು ಕಂಗ್ಯುರ್ ಮತ್ತು ತೆಂಗ್ಯುರ್ ಎಂಬ ಎರಡು ಸಂಗ್ರಹಗಳು. ಕಂಗ್ಯುರ್‌ನಲ್ಲಿ ನೂರರಷ್ಟು ಸಂಪುಟಗಳು, ತೆಂಗ್ಯುರ್‌ನಲ್ಲಿ ಇನ್ನೂರಕ್ಕೂ ಹೆಚ್ಚು. ಬಹುಭಾಗ ಸಂಸ್ಕೃತದಿಂದ ಟಿಬೆಟನ್ ಭಾಷೆಗೆ ಬಂದವು. ತಂಗಿ ತನ್ನ ಪ್ರಶ್ನೆಯನ್ನು ಅವರ ಮುಂದಿಟ್ಟಳು. ಅವರು ಸ್ವಲ್ಪ ಯೋಚಿಸಿ, “ಅಮ್ಮಾ, ನೀವು ಕೇಳುವುದು ಪಾಳಿ ಭಾಷೆಯ ಥೇರೀಗಾಥೆ. ಅದು ಈ ಕಟ್ಟುಗಳಲ್ಲಿ ಇಲ್ಲ. ಅದು ಸಿಂಹಳದವರ ದಾರಿಯಲ್ಲಿ ಉಳಿದು ಬಂದದ್ದು” ಎಂದರು. ಬಳಿಕ ಕಂಗ್ಯುರ್ ಎಂಬ ಹೆಸರಿಗೆ ‘ಅನುವಾದಗೊಂಡ ವಚನ’ ಎಂದೇ ಅರ್ಥವೆಂದೂ ತಿಳಿಸಿದರು.

ಅನುವಾದವೆಂಬ ಮಾತನ್ನು ಗ್ರಂಥದ ಹೆಸರಿನಲ್ಲಿಯೇ ಇಟ್ಟುಕೊಂಡ ಜನ! ನಾನಾದರೋ ಅನುವಾದಕನ ಹೆಸರನ್ನೇ ಕೇಳದೆ ಕಾರ್ಡು ಹಾಕಿಸಿದವನು. ಹಿಂದಿರುಗುವ ದಾರಿಯಲ್ಲಿ ಈ ವಿಚಾರ ಮನಸ್ಸಿನಿಂದ ಹೋಗಲಿಲ್ಲ. ಯಾವ ಭಾಷೆಯ, ಯಾವ ಪರಂಪರೆಯ ಗ್ರಂಥ ನಮಗೆ ಬೇಕು? ಪುಸ್ತಕ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂಬುದನ್ನು ಆ ಪ್ರಯಾಣ ಕಲಿಸಿತು. ಟಿಬೆಟನ್ ಪರಂಪರೆಯನ್ನು ಓದಬಯಸುವವರಿಗೆ ಕಂಗ್ಯುರ್ ಅನ್ನು ಇಂಗ್ಲಿಷಿಗೆ ತರುವ ‘84000’ ಎಂಬ ಯೋಜನೆ 2010ರಿಂದ ನಡೆದಿದೆ. ಮುಗಿದ ಭಾಗಗಳನ್ನು ಯಾರು ಬೇಕಾದರೂ ಹಣವಿಲ್ಲದೆ ಓದಬಹುದು. ನಮ್ಮ ದಾರಿ ಪಾಳಿಯದು.

ಊರಿಗೆ ಬಂದು ಪುಸ್ತಕಗಳನ್ನು ತರಿಸಿದೆ. ಮೊದಲು ತಿಳಿದುಬಂದ ಸಂಗತಿಯೆಂದರೆ, ಸಾಸಿವೆಯ ಪ್ರಸಂಗ ಮೂಲ ಗಾಥೆಗಳಲ್ಲಿಲ್ಲ. ಅದು ಅಟ್ಠಕಥೆಯಲ್ಲಿ, ಎಂದರೆ ಹಿಂದಿನವರು ಬರೆದ ವ್ಯಾಖ್ಯಾನದಲ್ಲಿ ಇದೆ. ಧಮ್ಮಪದದ 423 ಗಾಥೆಗಳಲ್ಲಿ 114ನೆಯದರ ವ್ಯಾಖ್ಯಾನವಾಗಿ ಈ ಕಥೆ ಬರುತ್ತದೆ. ಅದನ್ನು ಬರ್ಲಿಂಗೇಮ್ ಎಂಬ ವಿದ್ವಾಂಸರು ‘ಬುದ್ಧಿಸ್ಟ್ ಲೆಜೆಂಡ್ಸ್’ ಎಂಬ ಹೆಸರಿನಲ್ಲಿ 1921ರಲ್ಲಿ ಇಂಗ್ಲಿಷಿಗೆ ತಂದರು. ವ್ಯಾಖ್ಯಾನದ್ದೆಂದ ಮಾತ್ರಕ್ಕೆ ಕಥೆಯ ಬೆಲೆ ಕಡಿಮೆಯಾಗದು. ಆದರೆ ಮೂಲ ಯಾವುದು, ವ್ಯಾಖ್ಯಾನ ಯಾವುದು ಎಂಬುದನ್ನು ಹೇಳದ ಪುಸ್ತಕವನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಬಾರದು.

ಆ ತಾಯಿಯ ಸ್ವಂತ ಮಾತು ಇರುವುದು 73 ಭಿಕ್ಷುಣಿಯರ ಹಾಡುಗಳ ಸಂಗ್ರಹವಾದ ಥೇರೀಗಾಥೆಯಲ್ಲಿ, ಹನ್ನೊಂದು ಗಾಥೆಗಳ ವರ್ಗದಲ್ಲಿ. ಇದಕ್ಕೆ ಇಂಗ್ಲಿಷಿನಲ್ಲಿ ಹಲವು ಅನುವಾದಗಳಿವೆ. 1909ರಲ್ಲಿ ಶ್ರೀಮತಿ ರೀಸ್ ಡೇವಿಡ್ಸ್ ಅವರದು ಬಂತು. ಆ ಕಾಲದ ಇಂಗ್ಲಿಷ್ ಪದ್ಯದ ಧಾಟಿ ಅದರಲ್ಲಿದೆ. 1971ರಲ್ಲಿ ಕೆ. ಆರ್. ನಾರ್ಮನ್ ಅವರದು ಬಂತು. ಸೊಗಸಿಗಿಂತ ಪದಪದದ ನಿಖರತೆಗೆ ಒತ್ತು. 2015ರಲ್ಲಿ ಚಾರ್ಲ್ಸ್ ಹ್ಯಾಲಿಸೀ ಅವರದು ಬಂತು. ಒಂದು ಪುಟದಲ್ಲಿ ಪಾಳಿ, ಎದುರು ಪುಟದಲ್ಲಿ ಇಂಗ್ಲಿಷು. 2020ರಲ್ಲಿ ಅನುವಾದವೆಂದು ಹೊರಬಂದ ಇನ್ನೊಂದು ಪುಸ್ತಕ ಬಹು ಜನಪ್ರಿಯವಾಯಿತು. ಅದರಲ್ಲಿದ್ದುದು ಅನುವಾದವಲ್ಲ, ಲೇಖಕರ ಸ್ವಂತ ಕವಿತೆಗಳೆಂದು ಬಲ್ಲವರು ತೋರಿಸಿಕೊಟ್ಟ ಮೇಲೆ ಮುಖಪುಟವನ್ನೇ ತಿದ್ದಬೇಕಾಯಿತು. ನನ್ನ ಕ್ಯಾಲೆಂಡರಿನ ತಪ್ಪು ದೊಡ್ಡ ಊರುಗಳಲ್ಲಿಯೂ ನಡೆಯುತ್ತದೆಂದು ಸಮಾಧಾನಪಟ್ಟೆ!

ನಾನು ನಾರ್ಮನ್ ಮತ್ತು ಹ್ಯಾಲಿಸೀ ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡೆ. ಇಬ್ಬರೂ ಬೇರೆಯಾಗುವ ಕಡೆಯಲ್ಲಿ ಮೂಲದಲ್ಲಿ ಏನೋ ಗಂಟು ಇದೆಯೆಂದು ತಿಳಿದು ನಿಲ್ಲುತ್ತಿದ್ದೆ. ಇಲ್ಲಿ ಕನ್ನಡಿಗರಿಗೊಂದು ಅನುಕೂಲವುಂಟು. ಪಾಳಿಗೆ ತನ್ನದೇ ಲಿಪಿಯಿಲ್ಲ; ತಿಪಿಟಕದ ಮೂಲಪಾಠವು ಅಂತರಜಾಲದಲ್ಲಿ ಕನ್ನಡ ಲಿಪಿಯಲ್ಲಿಯೇ ದೊರೆಯುತ್ತದೆ. ಧರ್ಮವು ಧಮ್ಮ, ಕರ್ಮವು ಕಮ್ಮ, ಮಿತ್ರನು ಮಿತ್ತ. ತಮಿಳರ ಪಾಲನ್ನು ಹಾಲೆಂದೂ, ಪಲ್ಲನ್ನು ಹಲ್ಲೆಂದೂ ಗುರುತಿಸಿ ಬೆಳೆದ ನಮ್ಮ ಕಿವಿಗೆ ಇದೇನು ಕಷ್ಟ?

ಆದರೆ ಈ ಅನುಕೂಲದೊಳಗೇ ಒಂದು ಗುಂಡಿಯೂ ಇದೆ. ಗಡಿಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ‘ಸಂಸಾರ’ ಎಂದರೆ ನಮಗೆ ಮನೆಮಕ್ಕಳು, ತಮಿಳಿನವರ ಆಡುಮಾತಿನಲ್ಲಿ ಹೆಂಡತಿ, ಮಲೆಯಾಳದಲ್ಲಿ ಮಾತುಕತೆ, ಬೌದ್ಧ ಗ್ರಂಥದಲ್ಲಿ ಹುಟ್ಟುಸಾವುಗಳ ಸುತ್ತು. ಬೌದ್ಧರು ಹೇಳುವ ಪಂಚಸ್ಕಂಧಗಳನ್ನು ನೋಡಿ. ‘ವೇದನಾ’ ನಮಗೆ ನೋವು; ಅಲ್ಲಿ ಸುಖ, ದುಃಖ, ಎರಡೂ ಅಲ್ಲದ್ದು ಎಂಬ ಮೂರು ಬಗೆಯ ಅನುಭವವೂ ವೇದನೆಯೇ. ‘ಸಂಜ್ಞೆ’ ನಮಗೆ ಸನ್ನೆ. ಅಲ್ಲಿ ವಸ್ತುವನ್ನು ಇಂಥದೆಂದು ಗುರುತಿಸುವುದು. ‘ಸಂಸ್ಕಾರ’ ನಮಗೆ ನಾಮಕರಣದಿಂದ ಅಂತ್ಯಕ್ರಿಯೆಯವರೆಗಿನ ವಿಧಿ. ಅಲ್ಲಿ ಮನಸ್ಸಿನ ಸಂಕಲ್ಪಗಳು. ‘ವಿಜ್ಞಾನ’ ನಮಗೆ ಶಾಲೆಯ ಪಾಠ, ಅಲ್ಲಿ ಅರಿವು. ‘ಪ್ರಮಾದ’ ನಮಗೆ ಆಗಿಹೋದ ಅನಾಹುತ, ಅಲ್ಲಿ ಎಚ್ಚರಗೇಡಿತನ. ಕನ್ನಡದ ಕಣ್ಣಿನಿಂದ ಮಾತ್ರ ಓದಿದರೆ ತಿಳಿಯಿತೆಂದುಕೊಂಡು ತಪ್ಪು ತಿಳಿಯುತ್ತೇವೆ. ಇಂಗ್ಲಿಷ್ ಅನುವಾದವು ಪರಕೀಯವಾದ್ದರಿಂದಲೇ ಇಲ್ಲಿ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಇಂಗ್ಲಿಷ್ ಪದವು ಮೂಲಕ್ಕಿಂತ ಕಿರಿದಾದ ಕಡೆ ಪಾಳಿ ಪದ ಅದನ್ನು ತಿದ್ದುತ್ತದೆ. ಒಂದಕ್ಕೊಂದು ಸಾಕ್ಷಿಯಾಗಿ ಎರಡೂ ಬೇಕು.

ನಮ್ಮ ಓದುಗರಲ್ಲಿ ಯಾರಾದರೂ ಅಥವಾ ಅವರ ಮನೆಯ ಮಕ್ಕಳು ಈ ಓದನ್ನು ಕೈಗೊಳ್ಳುವುದಾದರೆ, ಎಡವಿ ಕಲಿತವನ ನಾಲ್ಕು ಮಾತು. ಪುಸ್ತಕ ತೆರೆದೊಡನೆ ಅನುವಾದಕರ ಹೆಸರು, ಮೂಲಭಾಷೆ, ಮೊದಲು ಅಚ್ಚಾದ ವರ್ಷ ನೋಡಿ. ಮ್ಯಾಕ್ಸ್ ಮುಲ್ಲರ್ ಅವರ 1881ರ ಧಮ್ಮಪದ ಇಂದಿಗೂ ಹೊಸ ಹೊದಿಕೆಯಲ್ಲಿ ಬರುತ್ತದೆ. ಗೌರವಿಸತಕ್ಕ ಕೃತಿಯೇ, ಆದರೆ ಅದರ ನಂತರ ಪಾಳಿಯ ತಿಳಿವಳಿಕೆ ಬಹಳ ಬೆಳೆದಿದೆ. ಗಾಥೆಗೂ ಸುತ್ತಕ್ಕೂ ಸಂಖ್ಯೆ ಕೊಟ್ಟಿರಬೇಕು. ಇಲ್ಲದಿದ್ದರೆ ಎರಡು ಅನುವಾದಗಳನ್ನು ಹೋಲಿಸಲಾಗದು. ಕೊನೆಯಲ್ಲಿ ಪದಕೋಶವೂ ಟಿಪ್ಪಣಿಯೂ ಇರಬೇಕು. ಪ್ರವೇಶಕ್ಕೆ ಸಿಂಹಳದ ಭಿಕ್ಷು ವಾಲ್ಪೊಲ ರಾಹುಲರ ‘ವಾಟ್ ದ ಬುದ್ಧ ಟಾಟ್’, 1959ರದು, ಚಿಕ್ಕದು, ತಿಳಿಯಾದದ್ದು. ಆಮೇಲೆ ಭಿಕ್ಷು ಬೋಧಿಯವರು ಸುತ್ತಗಳಿಂದ ಆಯ್ದ 2005ರ ‘ಇನ್ ದ ಬುದ್ಧಾಸ್ ವರ್ಡ್ಸ್’. ಧಮ್ಮಪದಕ್ಕೆ ಬೆಂಗಳೂರಿನ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿದ ಆಚಾರ್ಯ ಬುದ್ಧರಕ್ಖಿತರ ಇಂಗ್ಲಿಷ್ ಅನುವಾದ ನಮ್ಮ ನೆರೆಯದೇ. ಮನಸ್ಸು ನಿಂತರೆ 152 ಸುತ್ತಗಳ ಮಜ್ಝಿಮನಿಕಾಯ. ಭಿಕ್ಷು ಞಾಣಮೋಳಿ ಮತ್ತು ಭಿಕ್ಷು ಬೋಧಿಯವರ 1995ರ ಅನುವಾದ. ಹಣದ ಅಡಚಣೆಯಿದ್ದರೆ ಭಿಕ್ಷು ಸುಜಾತೋ ಅವರ 2018ರ ನಿಕಾಯ ಅನುವಾದಗಳು ‘ಸುತ್ತಸೆಂಟ್ರಲ್’ ಎಂಬಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ. ಪಾಳಿಯಿಂದ ಕನ್ನಡಕ್ಕೆ ದಾರಿ ಮಾಡಿಕೊಟ್ಟ ಜಿ. ಪಿ. ರಾಜರತ್ನಂ ಅವರನ್ನಂತೂ ಪಕ್ಕದಲ್ಲಿಟ್ಟುಕೊಳ್ಳಲೇಬೇಕು.

ಒಂದು ಸಂಜೆ ತಂಗಿಯ ಮನೆಯ ಜಗುಲಿಯಲ್ಲಿ ಕುಳಿತು ಕಿಸಾಗೋತಮಿಯ ಗಾಥೆಗಳನ್ನು ಕನ್ನಡದಲ್ಲಿ ಹೇಳತೊಡಗಿದೆ. ಸಾಸಿವೆಯ ಮಾತೇ ಅಲ್ಲಿಲ್ಲ. ಆ ತಾಯಿ ಮೊದಲು ಹೊಗಳುವುದು ಕಲ್ಯಾಣಮಿತ್ತರನ್ನು. ಹೆಣ್ಣಿನ ಬದುಕಿನ ಸಂಕಟ, ಸವತಿಯರ ಕಾಟ, ಹೆರಿಗೆಯ ನೋವು, ದಾರಿಯಲ್ಲಿ ಕಂಡ ಸಾವು ಇವೆಲ್ಲ ಆಮೇಲೆ ಬರುತ್ತವೆ.

“ಕಲ್ಯಾಣವೆಂದರೆ ಮದುವೆಯಲ್ಲವೇ ಅಣ್ಣಾ?” ಎಂದಳು ತಂಗಿ.

“ನಮಗೂ ತಮಿಳಿನವರಿಗೂ ಮದುವೆ. ಇಲ್ಲಿ ಒಳ್ಳೆಯದು ಎಂದರ್ಥ. ಒಳ್ಳೆಯ ಗೆಳೆಯರು, ನಮ್ಮನ್ನು ಒಳ್ಳೆಯ ದಾರಿಯಲ್ಲಿ ನಿಲ್ಲಿಸುವವರು.”

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಮಗ ಹೋದಾಗ ಅವಳ ಮನೆಯಲ್ಲಿ ಒಲೆ ಹೊತ್ತಿಸದ ದಿನಗಳಲ್ಲಿ ಕೇರಿಯವರೇ ಸರದಿಯಲ್ಲಿ ಅನ್ನ ತಂದಿಟ್ಟಿದ್ದರು. ಅವರ ಮನೆಗಳನ್ನು ಒಂದೊಂದಾಗಿ ಬೆರಳು ಮಡಚಿ ಎಣಿಸಿದಳು. ಒಬ್ಬಳು ಗಂಡನನ್ನು ಕಳೆದುಕೊಂಡವಳು, ಇನ್ನೊಬ್ಬಳು ತಾಯಿಯನ್ನು, ಮತ್ತೊಬ್ಬಳು ಅವಳಂತೆಯೇ ಮಗುವನ್ನು.

“ಸಾವು ಕಾಣದ ಮನೆಯವರು ಯಾರೂ ಅನ್ನ ತಂದಿರಲಿಲ್ಲ ಅಣ್ಣಾ,” ಎಂದಳು. “ನಾಳೆ ಅವರನ್ನೂ ಕರೆಯುತ್ತೇನೆ. ಮೊದಲಿನಿಂದ ಇನ್ನೊಮ್ಮೆ ಹೇಳು.”

ಮರುದಿನ ಜಗುಲಿಯ ಮೇಲೆ ಐವರಿದ್ದರು. ನಾನು ಎರಡು ಅನುವಾದಗಳನ್ನೂ ತೆರೆದಿಟ್ಟುಕೊಂಡು, ಅನುವಾದಕರ ಹೆಸರು ಹೇಳಿ, ಮೊದಲಿನಿಂದ ಓದಿದೆ.