ಊರ ನೀರು, ಲಂಡನ್ನಿನ ಪುಟ

“ಡಾಕ್ಟರಾದವನಿಗೆ ಇನ್ನೂ ಲೈಬ್ರರಿಯ ಗೊಡವೆ ಯಾಕಪ್ಪಾ?” ಎಂದು ನನ್ನ ತಾಯಿ ಬಹಳ ದಿನ ಕೇಳುತ್ತಿದ್ದಳು. ಪರೀಕ್ಷೆ ಮುಗಿದಿತ್ತು; ಹೊಸಪೇಟೆಯಲ್ಲಿ ಬೋರ್ಡು ಬರೆಸಿ ದವಾಖಾನೆ ತೆರೆದದ್ದೂ ಆಗಿತ್ತು. ಆದರೂ ತಿಂಗಳಿಗೊಂದು ಸಲ ಅರವತ್ತು ಚಿಲ್ಲರೆ ಕಿಲೋಮೀಟರು ರೈಲಿನಲ್ಲಿ ಕುಳಿತು ಬಳ್ಳಾರಿಗೆ ಹೋಗಿ, ಪುಸ್ತಕದ ಧೂಳು ಕುಡಿದು, ರಾತ್ರಿ ಸೀನುತ್ತ ಮನೆಗೆ ಬರುವ ಮಗನನ್ನು ಕಂಡು ಅವಳಿಗೆ ಅನುಮಾನ: ಇವನು ಓದಿದ್ದು ಸಾಲದೇನೋ ಎಂದು. ಸಾಲದು ಎಂದು ಒಪ್ಪಿಕೊಳ್ಳಲು ನನಗೆ ಆಗ ಸಂಕೋಚವಿತ್ತು. ಈಗ ಎಪ್ಪತ್ತು ದಾಟಿದೆ. ಒಪ್ಪಿಕೊಂಡರೆ ರೋಗಿಗಳು ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋಗುವ ಭಯವಿಲ್ಲ.

ಬಳ್ಳಾರಿಯ ವೈದ್ಯಕೀಯ ಕಾಲೇಜು ಆರಂಭವಾದದ್ದು ೧೯೬೧ರಲ್ಲಿ. ಮುಂದೆ ಅದು ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ ಎನಿಸಿಕೊಂಡಿತ್ತು. ಎಪ್ಪತ್ತರ ದಶಕದಲ್ಲಿ ನಾವು ಅಲ್ಲಿ ಓದುತ್ತಿದ್ದಾಗ ಲೈಬ್ರರಿ ಎಂದರೆ ನಮಗೆ ಮುಖ್ಯವಾಗಿ ಫ್ಯಾನು. ಬಳ್ಳಾರಿಯ ಬೇಸಗೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡನೆಯದಾಗಿ, ಕೊಳ್ಳಲಾಗದ ಪುಸ್ತಕಗಳು. ಗ್ರೇಯ ಅಂಗರಚನೆಯ ಒಂದು ಪ್ರತಿಗೆ ನಾಲ್ವರು ಗಂಟೆಯ ಲೆಕ್ಕದಲ್ಲಿ ಸರದಿ ಹಚ್ಚುತ್ತಿದ್ದೆವು. ತೋಳಿನ ನರಗಳ ಚಿತ್ರದ ಪಕ್ಕದಲ್ಲಿ ಯಾರದೋ ಚಿತ್ರಾನ್ನದ ಹಳದಿ ಕಲೆ ಇತ್ತು. ಹಿಂದಿನ ಕೋಣೆಯಲ್ಲಿ ರಟ್ಟು ಕಟ್ಟಿದ ವಿದೇಶೀ ಪತ್ರಿಕೆಗಳು ಸಾಲಾಗಿ ನಿಂತಿದ್ದವು. ಪರೀಕ್ಷೆಗೆ ಬಾರದ್ದಾದುದರಿಂದ ಆ ಕಡೆ ನಾನು ಹೋದವನಲ್ಲ.

೧೯೭೯ರಲ್ಲಿ ಸಂಡೂರಿನ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹುಡುಗನನ್ನು ಅವನ ತಂದೆ ನನ್ನಲ್ಲಿಗೆ ಕರೆತಂದ. ಹನ್ನೊಂದು ವರ್ಷ. ನಿಂತರೆ ಮೊಣಕಾಲುಗಳು ಒಂದಕ್ಕೊಂದು ತಾಗುತ್ತಿದ್ದವು. ಪಾದಗಳು ಗೇಣು ದೂರ. ನಾನು ರಿಕೆಟ್ಸ್ ಎಂದು ತೀರ್ಮಾನಿಸಿ ಡಿ ಜೀವಸತ್ವವನ್ನೂ ಸುಣ್ಣದ ಮಾತ್ರೆಯನ್ನೂ ಬರೆದುಕೊಟ್ಟೆ. ನಮ್ಮ ಊರಿನಂಥ ಬಿಸಿಲಿನಲ್ಲಿ ಕುಣಿಯುವ ಹುಡುಗನಿಗೆ ಆ ಜೀವಸತ್ವದ ಕೊರತೆ ಹೇಗಾದೀತು ಎಂದು ಕೇಳಿಕೊಳ್ಳುವ ಬುದ್ಧಿ ಹುಟ್ಟಲಿಲ್ಲ. ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದುದನ್ನೂ ಕಂಡಿದ್ದೆ. ಕಂಡು ಮಾಡಿದ್ದೇನು? “ಹಲ್ಲುಜ್ಜುವುದಿಲ್ಲವೇನೋ?” ಎಂದು ಗದರಿದ್ದೆ. ಹುಡುಗ ಬಾಯಿ ಮುಚ್ಚಿಕೊಂಡ. ಅನಂತರ ಅವನು ನನ್ನೆದುರು ನಕ್ಕದ್ದನ್ನು ನಾನು ನೋಡಲಿಲ್ಲ.

ಎರಡು ವರ್ಷ ಹೀಗೆಯೇ ಮಾತ್ರೆ ನುಂಗಿದ. ಕಾಲು ಇನ್ನಷ್ಟು ಸೊಟ್ಟಗಾಯಿತು. ಕೊನೆಗೆ ನಾನು ಅವನ ಕ್ಷ-ಕಿರಣದ ಚಿತ್ರಗಳನ್ನು ಸುತ್ತಿಕೊಂಡು ಬಳ್ಳಾರಿಗೆ, ನನ್ನ ಹಳೆಯ ಅಧ್ಯಾಪಕರ ಬಳಿಗೆ ಹೋದೆ. ಅವರು ಚಿತ್ರಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಾಲಿನ ಮೂಳೆ ಸವೆದು ತೆಳುವಾಗಿತ್ತು; ಬೆನ್ನುಮೂಳೆ ಮಾತ್ರ ಸುಣ್ಣ ಬಳಿದ ಹಾಗೆ ಬೆಳ್ಳಗೆ. “ಲೈಬ್ರರಿಗೆ ಹೋಗು” ಎಂದರು, ಅಷ್ಟೆ.

ಗ್ರಂಥಪಾಲಕರು ವಯಸ್ಸಾದವರು. ಅವರು ನನ್ನೆದುರು ‘ಇಂಡೆಕ್ಸ್ ಮೆಡಿಕಸ್’ನ ದಪ್ಪ ಸಂಪುಟಗಳನ್ನು ಪೇರಿಸಿಟ್ಟರು. ಅಮೆರಿಕದ ಸೇನಾವೈದ್ಯ ಜಾನ್ ಷಾ ಬಿಲ್ಲಿಂಗ್ಸ್ ೧೮೭೯ರಲ್ಲಿ ಆರಂಭಿಸಿದ ಸೂಚಿ ಅದು: ಲೋಕದ ವೈದ್ಯಪತ್ರಿಕೆಗಳಲ್ಲಿ ಯಾವ ವಿಷಯದ ಮೇಲೆ ಯಾರು ಎಲ್ಲಿ ಬರೆದರು ಎಂಬುದರ ಕಡತ. ಇರುವೆಯಂಥ ಅಕ್ಷರ. ನಾನು ಮೂಳೆಯ ರೋಗಗಳಲ್ಲಿ ಕಳೆದುಹೋಗಿದ್ದೆ. ಅವರು ಬಗ್ಗಿ ನೋಡಿ, “ರೋಗದ ಹೆಸರು ಗೊತ್ತಿಲ್ಲದಿದ್ದರೆ ದೇಶದ ಹೆಸರು ಹಿಡಿದು ನೋಡಿ, ನಮ್ಮವರು ಬರೆದಿರಬಹುದು” ಎಂದರು. ಮಧ್ಯಾಹ್ನದ ಹೊತ್ತಿಗೆ ಒಂದು ಸಾಲು ಸಿಕ್ಕಿತು. ೧೯೭೩ರ ‘ಲ್ಯಾನ್ಸೆಟ್’. ಬರೆದವರು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ. ಹಿಂದಿನ ಕೋಣೆಯಿಂದ ಸಂಪುಟ ಬಂತು. ಮೂರೇ ಪುಟದ ಬರಹ. ಅದರಲ್ಲಿ ನನ್ನ ಹುಡುಗ ನಿಂತಿದ್ದ! ಸೊಟ್ಟ ಮೊಣಕಾಲು, ತೆಳುವಾದ ಕಾಲಿನ ಮೂಳೆ, ಕುಡಿಯುವ ನೀರಿನಲ್ಲಿ ಫ್ಲೋರೈಡು. ನೆರೆಯ ಆಂಧ್ರದ ಮಾತು ಲಂಡನ್ನನ್ನು ಸುತ್ತಿಕೊಂಡು ಬಳ್ಳಾರಿಗೆ ಬಂದು, ನಾನು ಬರಲಿ ಎಂದು ಕಪಾಟಿನಲ್ಲಿ ವರ್ಷಗಟ್ಟಲೆ ಕಾದಿತ್ತು.

ನೀರಿನ ವಿಚಾರವನ್ನೇ ನಾನು ಕೇಳಿರಲಿಲ್ಲ. ಹುಟ್ಟಿ ಬೆಳೆದದ್ದು ಕಂಪ್ಲಿಯಲ್ಲಿ; ಕೊಡ ಮುಳುಗಿಸಿದರೆ ತುಂಗಭದ್ರೆ. ನೀರು ಕೆಂಪಗಿರಬಹುದು, ಕೊಳೆಯಾಗಿರಬಹುದು. ತಿಳಿಯಾದ ನೀರೂ ಮೂಳೆಗೆ ಇಳಿದೀತೆಂದು ನದಿದಂಡೆಯವನಿಗೆ ಹೊಳೆಯುವುದು ಕಷ್ಟ. ಮರುವಾರ ಆ ಹಳ್ಳಿಗೆ ಹೋದೆ. ಬರಗಾಲದ ವರ್ಷದಲ್ಲಿ ಕೊರೆದ ಬೋರ್‌ವೆಲ್ಲು, ಗಂಗೆಯೇ ಬಂದಳೆಂದು ಊರವರು ಕಾಯಿ ಒಡೆದಿದ್ದರಂತೆ. ಒಡೆಯದೇ ಏನು ಮಾಡಿಯಾರು? ತೆರೆದ ಬಾವಿಯ ನೀರಿನಿಂದ ನಾರುಹುಣ್ಣು ಬರುತ್ತಿದ್ದ ಕಾಲ ಅದು. ಆ ಪೀಡೆ ದೇಶದಿಂದಲೇ ತೊಲಗಿತೆಂದು ೨೦೦೦ದಲ್ಲಿ ಪ್ರಮಾಣಪತ್ರ ದೊರೆಯಿತು, ಕೊಳವೆಬಾವಿಗಳ ಪಾಲೂ ಅದರಲ್ಲಿ ಇದೆ. ಒಂದನ್ನು ಓಡಿಸಿದ ನೀರು ಇನ್ನೊಂದನ್ನು ಕರೆತಂದಿತ್ತು. ಪರೀಕ್ಷೆಗೆ ಕಳುಹಿಸಿದ ಸೀಸೆಯ ನೀರು ಮಿತಿಯನ್ನು ಮೀರಿತ್ತು. ಹುಡುಗನ ಕಾಲನ್ನು ಆಮೇಲೆ ಶಸ್ತ್ರಚಿಕಿತ್ಸೆಯಿಂದ ಅಷ್ಟಿಷ್ಟು ನೇರ ಮಾಡಿದರು. ಅವನಿಗೆ ಮೂರು ವರ್ಷದ ತಂಗಿಯೊಬ್ಬಳಿದ್ದಳು. ಅವಳಿಗೆ ಮಾತ್ರ ತಂದೆ ದಿನವೂ ಸೈಕಲ್ಲಿನ ಮೇಲೆ ಬೇರೆ ಕಡೆಯ ನೀರು ತಂದ. ಅವಳು ನೇರವಾದ ಕಾಲಿನಲ್ಲಿ ನಡೆದು ಮದುವೆಯ ಕರೆಯೋಲೆ ಕೊಡಲು ನನ್ನ ದವಾಖಾನೆಗೆ ಬಂದಿದ್ದಳು.

ಅಂದಿನಿಂದ ನನ್ನ ರೈಲುಯಾತ್ರೆ. ದೆಹಲಿಯ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯಕ್ಕೆ ಗ್ರಂಥಪಾಲಕರೇ ಕಾಗದ ಬರೆದು ಒಂದು ಹಳೆಯ ಲೇಖನದ ನಕಲು ತರಿಸಿಕೊಟ್ಟರು. ನೆಲ್ಲೂರಿನ ಕಡೆಯ ಫ್ಲೋರೈಡಿನ ರೋಗವನ್ನು ಷಾರ್ಟ್ ಮತ್ತು ಸಂಗಡಿಗರು ೧೯೩೭ರಲ್ಲೇ ವಿವರಿಸಿದ್ದರು. ತಲೆಬರಹದಲ್ಲಿ ‘ಮದರಾಸು ಪ್ರಾಂತ’ ಎಂದಿತ್ತು. ಆಗ ಬಳ್ಳಾರಿಯೂ ಅದೇ ಪ್ರಾಂತ. ಮೈಸೂರಿಗೆ ಸೇರಿದ್ದು ೧೯೫೩ರಲ್ಲಿ. ಅಧ್ಯಾಪಕರು ಹುಡುಗನ ಚಿತ್ರವನ್ನು ಪಾಠಕ್ಕೆ ತೆಗೆದುಕೊಂಡರು. ಆ ವಾರ ‘ಲ್ಯಾನ್ಸೆಟ್’ನ ಆ ಸಂಪುಟ ಮೇಜಿನ ಮೇಲೆಯೇ ತೆರೆದುಕೊಂಡಿತ್ತು, ಓದಿದ ವಿದ್ಯಾರ್ಥಿಗಳ ಬೆರಳ ಗುರುತು ಅಂಚಿನಲ್ಲಿ ಬಿದ್ದದ್ದನ್ನು ಕಂಡು ಗ್ರಂಥಪಾಲಕರು ಗೊಣಗಿದರು, ಆದರೆ ಖುಷಿಯಿಂದ.

ಹೈದರಾಬಾದಿನವರು ಇನ್ನೊಂದು ಮಾತು ಎತ್ತಿದ್ದರು. ನಾಗಾರ್ಜುನಸಾಗರದಂಥ ಜಲಾಶಯದ ಜಿನುಗಿನಿಂದ ನೆಲದ ಗುಣ ಬದಲಾಗಿ, ಜೋಳದಲ್ಲಿ ಮಾಲಿಬ್ಡಿನಂ ಹೆಚ್ಚಿ, ಮೈಯಲ್ಲಿ ತಾಮ್ರ ಕಡಿಮೆಯಾಗಿ ಮೊಣಕಾಲು ಸೊಟ್ಟಗಾಗುತ್ತದೆಯೇ ಎಂದು. ಅದು ಊಹೆ. ಓದಿದಾಗ ನನಗೆ ನಮ್ಮ ತುಂಗಭದ್ರಾ ಅಣೆಕಟ್ಟೆ ನೆನಪಾಯಿತು. ನಾವೂ ಜೋಳದ ರೊಟ್ಟಿಯವರೇ. “ನೀನು ಕಂಡದ್ದನ್ನು ಬರೆ” ಎಂದರು ಅಧ್ಯಾಪಕರು. ಬರೆಯುತ್ತೇನೆ ಎಂದೆ. ಹಳ್ಳಿ, ಬಾವಿ, ವಯಸ್ಸು, ಹಲ್ಲು ಎಂದು ಗೆರೆ ಎಳೆದು ನೋಟುಬುಕ್ಕು ಮಾಡಿದೆ. ನಾಲ್ಕು ತುಂಬಿದವು. ಲೇಖನ ಮಾತ್ರ ಹುಟ್ಟಲಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ರೋಗಿಗಳು ಎಂಬುದು ನನ್ನ ನೆಪ. ಬರೆಯುವುದಕ್ಕೆ ಅಂಜಿದ್ದೆ ಎಂಬುದು ನಿಜ.

ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಒಮ್ಮೆ ಹೋಗಿದ್ದಾಗ ‘ಖಗೇಂದ್ರಮಣಿದರ್ಪಣ’ದ ಮಾತು ಬಂತು. ಹದಿನಾಲ್ಕನೆಯ ಶತಮಾನದ ಮಂಗರಾಜನ ವಿಷವೈದ್ಯದ ಗ್ರಂಥ. ವಿಜಯನಗರದ ಹರಿಹರನ ಕಾಲದ್ದು. ತನಗಿಂತ ಹಿಂದಿನ ಪೂಜ್ಯಪಾದರ ಋಣವನ್ನು ಹೇಳಿಕೊಂಡೇ ಅವನು ಬರೆದದ್ದು. ಈ ಕಲ್ಲುಬಂಡೆಗಳ ನಾಡಿನಲ್ಲಿ ಆರುನೂರು ವರ್ಷದ ಹಿಂದೆ ಒಬ್ಬ ವಿಷದ ಬಗ್ಗೆ ಕನ್ನಡದಲ್ಲಿ ಬರೆದಿಟ್ಟ. ನಾನು ನಾಲ್ಕು ನೋಟುಬುಕ್ಕುಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆ.

‘ಇಂಡೆಕ್ಸ್ ಮೆಡಿಕಸ್’ ೨೦೦೪ರಲ್ಲಿ ಅಚ್ಚಾಗುವುದು ನಿಂತಿತು. ಅದರ ಕೆಲಸವನ್ನು ಮಾಡುವ ‘ಪಬ್‌ಮೆಡ್’ ೧೯೯೭ರಿಂದ ಎಲ್ಲರಿಗೂ ಪುಕ್ಕಟೆ. ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ‘ಹೆಲಿನೆಟ್’ ೨೦೦೩ರಲ್ಲಿ ಬಂದು, ಕಾಲೇಜುಗಳು ಪತ್ರಿಕೆಗಳನ್ನು ಕೂಡಿ ತರಿಸಿಕೊಳ್ಳುವಂತಾಯಿತು. ನನ್ನ ಮೊಮ್ಮಗಳು ವೈದ್ಯಕೀಯ ಓದುತ್ತಾಳೆ. ನಾನು ಒಂದು ಮಧ್ಯಾಹ್ನ ಹುಡುಕಿದ ಸಾಲನ್ನು ಮೊಬೈಲಿನಲ್ಲಿ ಅರ್ಧ ನಿಮಿಷಕ್ಕೆ ತೆಗೆದು ತೋರಿಸಿದಳು. ನನಗೆ ಸ್ವಲ್ಪ ಬೇಸರವೂ ಆಯಿತು. “ಸರಿ, ಈಗ ಸಂಡೂರು ಎಂದು ಹುಡುಕು, ನನ್ನ ಆ ಹಳ್ಳಿಯ ಹೆಸರನ್ನೂ ಹಾಕು” ಎಂದೆ. ಹುಡುಕಿದಳು. ಆ ಹಳ್ಳಿ ಇರಲಿಲ್ಲ. “ನಿಮ್ಮ ನೋಟುಬುಕ್ಕು ಎಲ್ಲಿವೆ?” ಎಂದು ಕೇಳಿದಳು.

ಕಳೆದ ತಿಂಗಳಿಂದ ಸಂಜೆಯ ಹೊತ್ತು ಇಬ್ಬರೂ ಟ್ರಂಕಿನ ಮುಂದೆ ಕುಳಿತಿದ್ದೇವೆ. ರೋಗಿಗಳ ಹೆಸರನ್ನು ನಾನು ಕಪ್ಪು ಮಸಿಯಿಂದ ಅಳಿಸುತ್ತೇನೆ. ಬಾವಿ, ವಯಸ್ಸು, ವರ್ಷವನ್ನು ಅವಳು ಕಂಪ್ಯೂಟರಿಗೆ ಏರಿಸುತ್ತಾಳೆ. ಕಾಲೇಜಿನ ಲೈಬ್ರರಿಗೆ ಒಂದು ಪ್ರತಿ ಕೊಡುವುದೆಂದು ಮಾತಾಗಿದೆ. ಮೊದಲ ಪುಟದ ಮೊದಲ ಹೆಸರಿನ ಮುಂದೆ ಕಂದು ಹಲ್ಲು ಎಂದು ಬರೆದು, ಪಕ್ಕದಲ್ಲಿ ‘ಉಜ್ಜುವುದಿಲ್ಲ’ ಎಂದು ಸೇರಿಸಿದ್ದೇನೆ. ಅದನ್ನೂ ಅಳಿಸಲೇ ಎಂದು ಕೇಳಿದೆ. ಬೇಡ, ಇರಲಿ ಎಂದಳು.