ಕರೆಂಟ್ ಬಂತು, ಮೀನು ಮಾತ್ರ ಮೇಲೇ ಇದ್ವು

(ಭಾಗ 1/6) 🐟
ತೊಟ್ಟಿ ನೀರು ಕನ್ನಡಿ ಥರ ಹೊಳೀತಿದೆ ಅಂದಮಾತ್ರಕ್ಕೆ ಮೀನು ಆರಾಮಾಗಿವೆ ಅಂದ್ಕೋಬೇಡಿ. ಅಮೋನಿಯಾ ಕಣ್ಣಿಗೆ ಕಾಣಲ್ಲ. ತೊಟ್ಟಿಯಲ್ಲಿರೋ ಅಷ್ಟು ಕಡಿಮೆ ಪ್ರಮಾಣಕ್ಕೆ ಮೂಗಿಗೂ ಬಡಿಯಲ್ಲ. ನಮ್ಮೂರಲ್ಲಿ ಮಳೆಗಾಲ ಅಂದ್ರೆ ಮರ ಬೀಳೋದು, ಲೈನ್ ಹೋಗೋದು ಮಾಮೂಲು. ಈ ಸಲ ಭಾನುವಾರ ಸಂಜೆ ಹೋದ ಕರೆಂಟ್ ಮಂಗಳವಾರ ಮಧ್ಯಾಹ್ನ ಬಂತು. ಇನ್ವರ್ಟರ್ ಮೊದಲ ರಾತ್ರಿಗೇ ಖಾಲಿ. ತೊಟ್ಟಿ ನನ್ನದಲ್ಲ, ತಂಗಿದು. ಧಾರವಾಡದ ಹಾಸ್ಟೆಲ್‌ಗೆ ಹೋಗುವಾಗ ನನಗೆ ಒಪ್ಪಿಸಿ ಹೋಗಿದ್ದಾಳೆ. ಎರಡಡಿ ತೊಟ್ಟಿ, ಸುಮಾರು 50 ಲೀಟರ್ ನೀರು. ಆರು ಟೆಟ್ರಾ, ಮೂರು ಕೋರಿ, ಮತ್ತೆ ಗುಂಡ ಅನ್ನೋ ಒಂದು ಗೌರಾಮಿ. ದಿನಾ ರಾತ್ರಿ ಫೋನ್ ಬರುತ್ತೆ: "ಅಣ್ಣಾ, ಗುಂಡ ಹೆಂಗಿದ್ದಾನೆ?"

(ಭಾಗ 2/6)
ಫಿಲ್ಟರ್ ನಿಂತಾಗ ಮೊದಲು ಕಡಿಮೆಯಾಗೋದು ಆಮ್ಲಜನಕ. ಅದಕ್ಕೆ ನಾನು, ಆಯಿ, ಅಪ್ಪ ಪಾಳಿ ಹಾಕ್ಕೊಂಡು ಮಗ್ಗಿನಲ್ಲಿ ತೊಟ್ಟಿ ನೀರನ್ನೇ ಎತ್ತಿ ಮೇಲಿಂದ ಸುರಿದ್ವಿ. ಹಾಗೆ ಸುರಿದಾಗ ಗಾಳಿ ನೀರಿಗೆ ಸೇರುತ್ತೆ. ಟೆಟ್ರಾಗಳು ಮೇಲೆ ಬಂದು ಬಾಯಿ ಬಡೀತಿದ್ರೂ ಗುಂಡ ಆರಾಮಾಗಿದ್ದ. ಗೌರಾಮಿಗೆ ನೀರಿನ ಮೇಲಿನ ಗಾಳಿಯನ್ನೇ ಉಸಿರಾಡೋ ಅಂಗ ಇದೆ, ಹಾಗಾಗಿ ಆಶ್ಚರ್ಯ ಏನಿಲ್ಲ.
ಕರೆಂಟ್ ಬಂತು, ಗಾಳಿಗುಳ್ಳೆ ಶುರುವಾಯ್ತು. ಎರಡು ಗಂಟೆ ಕಳೆದ್ರೂ ಟೆಟ್ರಾ ಕೆಳಗೆ ಇಳೀಲಿಲ್ಲ. ಈಗ ಗುಂಡನೂ ಮೂಲೆ ಹಿಡಿದ, ಕಿವಿರು ಕೆಂಪಗೆ. ಆಗ ಗೊತ್ತಾಯ್ತು, ಇದು ಬರೀ ಗಾಳಿ ಸಮಸ್ಯೆ ಅಲ್ಲ ಅಂತ. ಟೆಸ್ಟ್ ಕಿಟ್ ತೆಗೆದೆ. ಹಳದಿ ಬಂದ್ರೆ ಅಮೋನಿಯಾ ಇಲ್ಲ ಅಂತ. ಬಂದಿದ್ದು ದಟ್ಟ ಹಸಿರು, 4 ಪಿಪಿಎಂ. (ಎರಡನೇ ಫೋಟೋ ಅದೇ ಟ್ಯೂಬ್.) ಮರದ ಬೇರಿನ ಹಿಂದೆ ಒಂದು ಟೆಟ್ರಾ ಸತ್ತು ಕೊಳೀತಾ ಇತ್ತು.

(ಭಾಗ 3/6)
ಇದೆಲ್ಲ ಹೈಸ್ಕೂಲಿನ ಸಾರಜನಕ ಚಕ್ರವೇ, ಪರೀಕ್ಷೆಗೆ ಓದಿ ಮರೆತಿದ್ವಲ್ಲ, ಅದು. ಮೀನು ತಿಂದ ಪ್ರೊಟೀನು ಅಮೋನಿಯಾ ಆಗಿ ಹೊರಗೆ ಬರುತ್ತೆ. ಹೆಚ್ಚಿನ ಪಾಲು ಕಿವಿರಿನಿಂದಲೇ ಬರೋದು, ಹಿಕ್ಕೆಯಿಂದ ಕಡಿಮೆ. ಹೊರಗಿನ ನೀರಲ್ಲೇ ಅಮೋನಿಯಾ ತುಂಬಿದ್ರೆ ಒಳಗಿಂದು ಹೊರಗೆ ಹೋಗಲ್ಲ, ರಕ್ತದಲ್ಲೇ ಉಳಿಯುತ್ತೆ. ಫಿಲ್ಟರ್ ಸ್ಪಂಜಿನಲ್ಲಿರೋ ಒಂದು ಜಾತಿ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಅದನ್ನ ನೈಟ್ರೇಟ್ ಮಾಡುತ್ತೆ. ಎರಡಕ್ಕೂ ಆಮ್ಲಜನಕ ಬೇಕೇ ಬೇಕು. ನಿಂತ ಫಿಲ್ಟರ್ ಒಳಗೆ ಅವು ಸಾಯ್ತಾವೆ. ನಮ್ಮ ಅಡಿಕೆ ತೋಟದ ಮಣ್ಣಲ್ಲಿ ಗೊಬ್ಬರದ ಅಮೋನಿಯಾವನ್ನು ನೈಟ್ರೇಟ್ ಮಾಡೋದೂ ಇದೇ ಥರದ ಬ್ಯಾಕ್ಟೀರಿಯಾ. ಕೊಟ್ಟಿಗೆಯಲ್ಲಿ ಮೂಗಿಗೆ ಹೊಡೆಯೋ ಘಾಟು ಅಮೋನಿಯಾದ್ದೇ.
ನೆನಪಿಡಿ: ತುಂಬಾ ಹೊತ್ತು ನಿಂತ ಫಿಲ್ಟರನ್ನ ಹಾಗೇ ಆನ್ ಮಾಡಬೇಡಿ. ಒಳಗಿನ ಕೊಳಕು ನೀರು ಚೆಲ್ಲಿ. ಸ್ಪಂಜನ್ನ ತೊಟ್ಟಿಯಿಂದ ತೆಗೆದ ನೀರಲ್ಲಿ ಹಿಂಡಿ, ಆಮೇಲೆ ಹಾಕಿ. ನಲ್ಲಿ ನೀರಲ್ಲಿ ತೊಳೆದ್ರೆ ಕ್ಲೋರಿನ್‌ಗೆ ಉಳಿದ ಬ್ಯಾಕ್ಟೀರಿಯಾನೂ ಹೋಗುತ್ತೆ.

(ಭಾಗ 4/6)
ಬಿಕಾಂ ಗೆಳೆಯರೇ, ಡೆಪ್ರಿಸಿಯೇಷನ್ ನೆನಪಿದೆಯಾ? ರಿಟನ್ ಡೌನ್ ವ್ಯಾಲ್ಯೂ ಮೆಥಡ್? ನೀರು ಬದಲಿಸೋದೂ ಹಾಗೇ. ಅರ್ಧ ನೀರು ತೆಗೆದು ಹೊಸದು ಹಾಕಿದ್ರೆ 4 ಇದ್ದಿದ್ದು 2. ಮತ್ತೆ ಅರ್ಧ ಬದಲಿಸಿದ್ರೆ 1. ಸೊನ್ನೆ ಆಗಲ್ಲ, ಮಧ್ಯೆ ಮೀನು ಹೊಸ ಅಮೋನಿಯಾನೂ ಬಿಡ್ತಾ ಇರುತ್ತೆ. ಅದಕ್ಕೇ ಒಂದೇ ಸಲ ಮಾಡಿ ಕೈ ತೊಳ್ಕೊಳ್ಳೋಕೆ ಆಗಲ್ಲ, ದಿನಾ ಮಾಡಬೇಕು. ಮಂಗಳವಾರ, ಬುಧವಾರ, ಗುರುವಾರ ಮೂರು ದಿನ ಅರ್ಧರ್ಧ ಬದಲಿಸಿದೆ. ಊಟ ಪೂರ್ತಿ ಬಂದ್. ದೊಡ್ಡ ಮೀನು ಮೂರ್ನಾಲ್ಕು ದಿನ ಉಪವಾಸ ಇದ್ರೆ ಏನೂ ಆಗಲ್ಲ.
ಬಾವಿ ನೀರಿಗೆ ಕ್ಲೋರಿನ್ ಚಿಂತೆ ಇಲ್ಲ, ಆದ್ರೆ ಮಳೆಗಾಲದಲ್ಲಿ ಐಸ್ ಥರ. ಆಯಿ ಬಚ್ಚಲ ಹಂಡೆಯಿಂದ ಬಿಸಿನೀರು ತರೋಕೆ ಹೊರಟ್ರು. ನಮ್ಮದು ತಾಮ್ರದ ಹಂಡೆ, ನೀರಿಗೆ ಬಿಟ್ಟ ತಾಮ್ರ ಮೀನಿಗೆ ವಿಷ. ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ ಬೆರೆಸಿ, ನಿಧಾನಕ್ಕೆ ಲೋಟದಲ್ಲಿ ಹಾಕಿದ್ವಿ.

(ಭಾಗ 5/6)
ಇದು ಮುಖ್ಯ, ಸೇವ್ ಮಾಡ್ಕೊಳ್ಳಿ. ಸ್ಟೋರಿಗೆ ಒಬ್ಬ "ಅಡಿಗೆ ಸೋಡಾ ಹಾಕು ಮಾರಾಯ, ನೀರು ಕ್ಲೀನ್ ಆಗುತ್ತೆ" ಅಂತ ರಿಪ್ಲೈ ಮಾಡಿದ್ದ. ದಯವಿಟ್ಟು ಬೇಡ. ಕಿಟ್ ತೋರಿಸೋದು ಒಟ್ಟು ಲೆಕ್ಕ. ಅದರಲ್ಲಿ ಅಮೋನಿಯಾ ಇದೆ, ಅಮೋನಿಯಂ ಇದೆ. ಅಮೋನಿಯಂ ಅಷ್ಟು ಅಪಾಯ ಅಲ್ಲ. 25 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ರೆ ಒಟ್ಟಿನಲ್ಲಿ ಶೇ. 0.6ರಷ್ಟು ಮಾತ್ರ ವಿಷದ ರೂಪದಲ್ಲಿರುತ್ತೆ. ಪಿಎಚ್ 8ಕ್ಕೆ ಹೋದ್ರೆ ಶೇ. 5 ದಾಟುತ್ತೆ. ಸೋಡಾ, ಸುಣ್ಣ ಎರಡೂ ಪಿಎಚ್ ಏರಿಸ್ತಾವೆ. ಅಂದ್ರೆ ಅದೇ 4 ಪಿಪಿಎಂ ನೀರು ಒಂದು ಚಮಚದಲ್ಲಿ ಹತ್ತು ಪಟ್ಟು ಕೆಟ್ಟದಾಗಬಹುದು. ತಂಗಿ ತೊಟ್ಟಿಗೆ ಮಾರ್ಬಲ್ ಚೂರು ಹಾಕಿದ್ದರಿಂದ ಪಿಎಚ್ 7.4 ಇತ್ತು. ಬಾವಿ ನೀರು 6.4. ಹಾಗಾಗಿ ನೀರು ಬದಲಿಸಿದಾಗ ಎರಡು ಲಾಭ: ಒಟ್ಟು ಕಡಿಮೆ ಆಯ್ತು, ಉಳಿದಿದ್ದರ ವಿಷವೂ ಇಳೀತು.

(ಭಾಗ 6/6)
ಬುಧವಾರ ಇನ್ನೊಂದು ಟೆಟ್ರಾ ಹೋಯ್ತು. ಆವತ್ತು ರಾತ್ರಿ ತಂಗಿ ಫೋನ್ ಮಾಡಿದಾಗ "ಎಲ್ಲ ಆರಾಮ" ಅನ್ನಬಹುದಿತ್ತು. ಆರನ್ನೂ ಎಣಿಸಿ ಎಣಿಸಿ ತಂದವಳು ಅವಳು. ಇದ್ದದ್ದು ಇದ್ದ ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಫಿಲ್ಟರಿಗೆ ಯಾರದ್ದಾದ್ರೂ ಹಳೇ ಸ್ಪಂಜು ಸಿಗುತ್ತಾ ಕೇಳು" ಅಂದ್ಲು. ನನಗೆ ಅದು ಹೊಳೆದಿರಲಿಲ್ಲ.
ಗುರುವಾರ ಶಿರಸಿಯಿಂದ ಬರೋ ಕ್ಲಾಸ್‌ಮೇಟ್ ಒಬ್ಬ ತನ್ನ ಓಡ್ತಿರೋ ಫಿಲ್ಟರಿನ ಅರ್ಧ ಸ್ಪಂಜನ್ನ ಒದ್ದೆಯಾಗೇ ಟಿಫನ್ ಬಾಕ್ಸಲ್ಲಿ ಹಾಕ್ಕೊಂಡು ಬಸ್ಸಲ್ಲಿ ತಂದ. ಕೊನೇ ಬೆಂಚು ಇಡೀ ಮೂಗು ಮುಚ್ಕೊಂಡಿತ್ತು 😅 ಅದನ್ನ ನಮ್ಮ ಫಿಲ್ಟರಿಗೆ ಸೇರಿಸಿದೆ. ಶನಿವಾರ ಅಮೋನಿಯಾ 0.25, ಸೋಮವಾರ ಸೊನ್ನೆ. ಮಧ್ಯೆ ನೈಟ್ರೈಟ್ 1ಕ್ಕೆ ಏರಿ ಮುಂದಿನ ಗುರುವಾರ ಇಳೀತು. ಅಮೋನಿಯಾ ಸೊನ್ನೆ ಆದ ಕೂಡಲೇ ಟೆಸ್ಟ್ ನಿಲ್ಲಿಸಬೇಡಿ ಅನ್ನೋದು ಇದಕ್ಕೇ.
ಈಗ ನಾಲ್ಕು ಟೆಟ್ರಾ, ಮೂರು ಕೋರಿ, ಒಬ್ಬ ಗುಂಡ. ಅಪ್ಪ ಸೆಲ್ ಹಾಕೋ ಏರ್ ಪಂಪ್ ತಂದಿಟ್ಟಿದ್ದಾರೆ. ತೆಗೆದ ನೀರೆಲ್ಲ ಆಯಿಯ ಮಲ್ಲಿಗೆ ಬುಡಕ್ಕೆ. ಯಲ್ಲಾಪುರ, ಶಿರಸಿ, ಸಿದ್ದಾಪುರ ಕಡೆ ಯಾರ ಮನೆ ತೊಟ್ಟಿಗಾದ್ರೂ ಹೀಗಾದ್ರೆ ಮೆಸೇಜ್ ಮಾಡಿ. ಅರ್ಧ ಸ್ಪಂಜು ನಮ್ಮನೇಲಿದೆ, ಟಿಫನ್ ಬಾಕ್ಸ್ ನೀವೇ ತನ್ನಿ.

#ಯಲ್ಲಾಪುರ #ಮೀನುತೊಟ್ಟಿ #ಮಳೆಗಾಲ #ಗುಂಡ